ಹನಿ ಎಣಿಸುವ ಕೆಲಸ

(ಆಕಾಶವಾಣಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೂರು ದಶಕಗಳಿಗೂ ಮೇಲ್ಪಟ್ಟು ಹಳಗನ್ನಡ ಕಾವ್ಯವನ್ನು ಪಾಠ ಹೇಳಿದವನು ನಾನು. ಅಂಥವನು ಈ ಹೊತ್ತು ಆಸ್ಪತ್ರೆಯ ಸಲೈನ್ ಬಾಟಲಿಯ ವಿಚಾರವಾಗಿ ಮಾತನಾಡಲು ಕುಳಿತಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ನಾನು ವೈದ್ಯನೂ ಅಲ್ಲ, ಭೌತವಿಜ್ಞಾನದ ವಿದ್ಯಾರ್ಥಿಯೂ ಅಲ್ಲ. ಒಂದು ರಾತ್ರಿ ನನ್ನ ಅಜ್ಞಾನದಿಂದ ನನ್ನ ಅಕ್ಕನ ಪ್ರಾಣಕ್ಕೆ ಸಂಚಕಾರ ಬರುವುದರಲ್ಲಿತ್ತು. ಆ ಅಜ್ಞಾನ ಯಾವುದು ಎಂಬುದನ್ನು ತಿಳಿಯಬೇಕೆಂಬ ಹಟದಿಂದ ಅನಂತರ ನಾನು ಓದಿದ್ದನ್ನು, ಕೇಳಿದ್ದನ್ನು, ಮನೆಯಲ್ಲಿ ಮಾಡಿ ನೋಡಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನನ್ನ ಊರಿನ ಒಂದು ಚಿತ್ರ. ರಾಯಚೂರು ಜಿಲ್ಲೆಯಲ್ಲಿ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಸೀಮೆಗೆ ಸೇರಿದ ಪಾಮನಕಲ್ಲೂರು ನನ್ನ ಊರು. ಎರೆಯ ಹೊಲ, ಜೋಳ, ಹತ್ತಿ, ಬೇಸಿಗೆಯಲ್ಲಿ ನಲವತ್ತು ಡಿಗ್ರಿಯನ್ನು ದಾಟುವ ಬಿಸಿಲು. ಇಷ್ಟು ಹೇಳಿದರೆ ಆ ಕಡೆಯನ್ನು ಕಂಡವರಿಗೆ ಊರು ಕಣ್ಣೆದುರು ಬಂದೀತು. ನಾನು ಹುಡುಗನಾಗಿದ್ದಾಗ ಈಶ್ವರನ ಗುಡಿಯಲ್ಲಿ ಲಿಂಗದ ನೆತ್ತಿಯ ಮೇಲೆ ಒಂದು ತಾಮ್ರದ ಧಾರಾಪಾತ್ರೆ ತೂಗುತ್ತಿತ್ತು. ಅದರ ತಳದಲ್ಲಿ ಒಂದು ಸಣ್ಣ ರಂಧ್ರ. ರಂಧ್ರದಲ್ಲಿ ಒಂದು ದರ್ಭೆಯ ಎಳೆ. ದರ್ಭೆಯನ್ನು ಕೊಂಚ ಒಳಕ್ಕೆ ದೂಡಿದರೆ ಹನಿ ನಿಧಾನವಾಗುತ್ತಿತ್ತು, ಕೊಂಚ ಸಡಿಲಿಸಿದರೆ ಬೇಗ. ಬಿಸಿಲು ಕಾಲದ ಮಧ್ಯಾಹ್ನ, ಬೇರೆ ಎಲ್ಲಿಯೂ ತಂಪು ಸಿಕ್ಕದೆ ಇದ್ದಾಗ, ಗುಡಿಯ ಕಟ್ಟೆಯ ಮೇಲೆ ಕುಳಿತು ಆ ಹನಿಗಳನ್ನು ಎಣಿಸುವುದು ನನ್ನ ಆಟವಾಗಿತ್ತು.

ಹಬ್ಬದ ದಿನ ಯಾರಾದರೂ ಹರಕೆಯ ಹಾಲು ತಂದರೆ ಪೂಜೆಯ ಅಯ್ಯನವರು ಅದನ್ನೇ ಪಾತ್ರೆಗೆ ತುಂಬುತ್ತಿದ್ದರು. ಹಾಲಿನ ಹನಿ ತಡೆದು ತಡೆದು ಬೀಳುತ್ತಿತ್ತು. ಪಾತ್ರೆ ಅದೇ, ರಂಧ್ರ ಅದೇ, ದರ್ಭೆಯೂ ಅದೇ. ಹೀಗೇಕೆ ಎಂದು ಒಮ್ಮೆ ಕೇಳಿದೆ. ಅಯ್ಯನವರು ನಕ್ಕು, “ಹಾಲು ನೀರಿನಂಗ ಓಡಂಗಿಲ್ಲೋ ತಮ್ಮಾ. ಹಾಲು ಹಾಕಿದಾಗ ದರ್ಭಿ ಸಡಿಲ ಮಾಡಬೇಕು, ತಿರುಗಿ ನೀರು ಹಾಕಿದಾಗ ಬಿಗಿ ಮಾಡಬೇಕು. ಮಾಡಿ, ಒಂದೀಟು ನಿಂತು ನೋಡಬೇಕು” ಎಂದರು. ನಾನು ಈ ಹೊತ್ತು ಹೇಳಬೇಕಾದ ಮಾತೆಲ್ಲ ಆ ನಾಲ್ಕು ವಾಕ್ಯಗಳಲ್ಲಿ ಇತ್ತು. ಅದು ನನಗೆ ಅರ್ಥವಾಗಲು ಐವತ್ತು ವರ್ಷ ಹಿಡಿಯಿತು.

ನನ್ನ ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು, ಎಂ.ಎ. ಓದಲೆಂದು ನಾನು ಧಾರವಾಡಕ್ಕೆ ಹೊರಟಾಗ ಬಸ್ಸಿನವರೆಗೆ ಬಂದು ರೊಟ್ಟಿಯ ಬುತ್ತಿ ಕೈಗಿಟ್ಟವಳು ಅವಳು. ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಇರುವಾಗ ಅವಳಿಗೆ ರಕ್ತ ತೀರ ಕಡಿಮೆಯಾಗಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವಂತಾಯಿತು. ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸೇರಿಸಿದೆವು. ವೈದ್ಯರು ಪರೀಕ್ಷಿಸಿ, “ರಕ್ತ ಕೊಡಬೇಕು, ಆದರೆ ಹೃದಯ ದುರ್ಬಲವಾಗಿದೆ, ಆದ್ದರಿಂದ ನಿಧಾನವಾಗಿ ಕೊಡಬೇಕು” ಎಂದರು. ಆ ‘ನಿಧಾನವಾಗಿ’ ಎಂಬ ಮಾತನ್ನು ನಾನು ಕೇಳಿದೆ. ಅದರ ತೂಕ ನನಗೆ ತಿಳಿಯಲಿಲ್ಲ.

ರಾತ್ರಿ ಹತ್ತರ ಸುಮಾರಿಗೆ ರಕ್ತದ ಚೀಲವನ್ನು ತೂಗುಹಾಕಿದರು. ದಾದಿ ಕೈಗಡಿಯಾರ ನೋಡುತ್ತ ಹನಿ ಎಣಿಸಿ, ನಳಿಕೆಯ ಮೇಲಿನ ಸಣ್ಣ ಗಾಲಿಯನ್ನು ತಿರುಗಿಸಿ, “ನಿಮಿಷಕ್ಕ ಮೂವತ್ತು ಹನಿ ಬೀಳಬೇಕ್ರೀ ಸರ್, ಏನಾರ ಆದ್ರ ನನ್ನ ಕರೀರಿ” ಎಂದು ಹೇಳಿ ಹೋದಳು. ಇಡೀ ವಾರ್ಡಿಗೆ ಅವಳೊಬ್ಬಳೇ. ಸ್ವಲ್ಪ ಹೊತ್ತಿನಲ್ಲಿ ಹನಿಯ ವೇಗ ಕುಗ್ಗಿತು. ನಾನು ಎಣಿಸಿದೆ; ಇಪ್ಪತ್ತೂ ಇರಲಿಲ್ಲ. ಕರೆಯೋಣವೆಂದರೆ ಅವಳು ಇನ್ನೊಂದು ಮಂಚದ ಬಳಿ ಇದ್ದಳು. ಲೆಕ್ಕ ಮೂವತ್ತು ತಾನೆ, ಗಾಲಿ ತಿರುಗಿಸುವುದರಲ್ಲಿ ಏನು ಮಹಾವಿದ್ಯೆ ಎಂದುಕೊಂಡು ನಾನೇ ತಿರುಗಿಸಿದೆ. ಮತ್ತೆ ಕುಗ್ಗಿತು; ಮತ್ತೆ ತಿರುಗಿಸಿದೆ. ಹೀಗೆ ಎರಡು ಮೂರು ಸಲ. ಮೂವತ್ತರ ಲೆಕ್ಕವನ್ನು ಕಾಪಾಡಿದೆನೆಂಬ ಹೆಮ್ಮೆಯೂ ಆಯಿತು.

ರಕ್ತ ಮುಗಿದಾಗ ಹೋಗಿ ಹೇಳಿದೆ. ದಾದಿ ಬಂದು, ನಳಿಕೆಯಲ್ಲಿ ಉಳಿದ ರಕ್ತ ಒಳಗೆ ಹೋಗಲೆಂದು ಅದೇ ನಳಿಕೆಗೆ ಸಲೈನ್ ಬಾಟಲಿಯನ್ನು ಸಿಕ್ಕಿಸಿದಳು. ಗಾಲಿಯತ್ತ ಕೈ ಹೋಗುವಷ್ಟರಲ್ಲಿ ಆಚೆಯ ಕೋಣೆಯಿಂದ ಯಾರೋ ಚೀರಿದರು. “ಬಂದೆ” ಎಂದು ಓಡಿದಳು. ನಾನು ಕಣ್ಣು ಮೇಲಕ್ಕೆತ್ತಿ ನೋಡಿದೆ. ಹನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಬೀಳುತ್ತಿದ್ದವು. ಇಷ್ಟು ಹೊತ್ತು ತಡೆತಡೆದು ಸತಾಯಿಸಿದ್ದು ಈಗ ಸರಾಗವಾಯಿತಲ್ಲ ಎಂದು ಸಮಾಧಾನಪಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ಅರ್ಧ ತಾಸು ಕಳೆದಿರಬೇಕು. “ತಮ್ಮಾ, ಎದಿ ಹಿಡದಂಗ ಆಗ್ತದೋ” ಎಂಬ ಕ್ಷೀಣವಾದ ದನಿ ಕೇಳಿ ಎದ್ದೆ. ಅಕ್ಕ ದಿಂಬಿನ ಮೇಲೆ ತಲೆಯನ್ನು ಅತ್ತಿತ್ತ ಹೊರಳಿಸುತ್ತಿದ್ದಳು. ಒಣ ಕೆಮ್ಮು, ಉಸಿರಿನಲ್ಲಿ ಗೊರಗೊರ ಸದ್ದು. ಬಾಟಲಿ ಅರ್ಧಕ್ಕಿಂತ ಹೆಚ್ಚು ಬರಿದಾಗಿತ್ತು. ನಾನು ಕೂಗಿದೆ. ದಾದಿ ಓಡಿ ಬಂದವಳೇ ಗಾಲಿಯನ್ನು ಪೂರ್ತಿ ಮುಚ್ಚಿ, ಅಕ್ಕನನ್ನು ಎತ್ತಿ ಕೂರಿಸಿ, ಆಮ್ಲಜನಕ ಹಚ್ಚಿ, ವೈದ್ಯರನ್ನು ಎಬ್ಬಿಸಿದಳು. ಮೈಯಲ್ಲಿ ಸೇರಿದ ಹೆಚ್ಚಿನ ನೀರು ಮೂತ್ರದ ಮೂಲಕ ಹೊರಹೋಗುವಂತೆ ಚುಚ್ಚುಮದ್ದು ಕೊಟ್ಟರು. ಬೆಳಗಿನ ಜಾವಕ್ಕೆ ಉಸಿರು ತಹಬಂದಿಗೆ ಬಂದಿತು.

ಬೆಳಗ್ಗೆ ನಾನು ಗಾಲಿ ತಿರುಗಿಸಿದ್ದನ್ನು ದಾದಿಯ ಎದುರು ಒಪ್ಪಿಕೊಂಡೆ. ಅವಳು ಬೈಯಲಿಲ್ಲ. “ರಕ್ತಕ್ಕಂತ ತೆರೆದ ಗಾಲಿಯೊಳಗ ಸಲೈನ್ ಓಡ್ತಿತ್ರೀ ಸರ್. ನಾ ಬಿಟ್ಟು ಹೋಗಬಾರದಿತ್ತು, ನೀವು ಮುಟ್ಟಬಾರದಿತ್ತು” ಎಂದಳು. ತಪ್ಪನ್ನು ಅವಳು ಅರ್ಧ ಹಂಚಿಕೊಂಡದ್ದು ದೊಡ್ಡತನ. ಒಬ್ಬಳೇ ಎಷ್ಟು ಮಂಚಗಳ ಬಳಿ ನಿಲ್ಲಲು ಸಾಧ್ಯ? ಲೆಕ್ಕ ಹಾಕಿದರೆ ನನ್ನ ಪಾಲೇ ಹೆಚ್ಚಿನದು.

ರಕ್ತಕ್ಕೆಂದು ತೆರೆದ ಗಾಲಿಯಲ್ಲಿ ಸಲೈನ್ ಓಡಿತು. ಈ ಒಂದು ವಾಕ್ಯದ ಹಿಂದೆ ಇರುವ ವಿಜ್ಞಾನವೇನು ಎಂಬುದನ್ನು ಈಗ ನೋಡೋಣ.

ಸಲೈನ್ ಕೊಡುವ ಏರ್ಪಾಡು ನೋಡಲು ಬಹು ಸರಳವಾದದ್ದು. ಮಂಚಕ್ಕಿಂತ ಎತ್ತರದಲ್ಲಿ ಒಂದು ಬಾಟಲಿ. ಕೆಳಗೆ ಹನಿ ಬೀಳುವುದು ಕಾಣುವಂಥ ಒಂದು ಪಾರದರ್ಶಕ ಗೂಡು. ಅಲ್ಲಿಂದ ಪ್ಲಾಸ್ಟಿಕ್ ನಳಿಕೆ. ನಳಿಕೆಯನ್ನು ಅದುಮುವ ಗಾಲಿ. ಕೊನೆಯಲ್ಲಿ ರಕ್ತನಾಳದೊಳಗೆ ಹೊಕ್ಕ ಸೂಕ್ಷ್ಮವಾದ ಕೊಳವೆ. ದೂಡುವ ಶಕ್ತಿ ಬಾಟಲಿಯ ಎತ್ತರದ್ದು. ತಡೆಯುವ ಶಕ್ತಿ ಗಾಲಿಯದು ಮತ್ತು ತುದಿಯ ಕೊಳವೆಯದು. ನಮ್ಮ ಸಿಂಧನೂರಿನ ಕಡೆಯ ರೈತನಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ತೂಬಿನ ಬಾಗಿಲು ಎಷ್ಟು ಎತ್ತಿದರೆ ಹೊಲಕ್ಕೆ ಎಷ್ಟು ನೀರು ಎಂಬುದನ್ನು ಅವನು ಬಲ್ಲ.

ಇನ್ನು ಲೆಕ್ಕ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ನಳಿಕೆಯಲ್ಲಿ ೨೦ ಹನಿ ಕೂಡಿದರೆ ಒಂದು ಮಿಲಿಲೀಟರ್ ಎಂದು ಎಣಿಕೆ. ಮಕ್ಕಳಿಗೆ ಬಳಸುವ ಸಣ್ಣ ಹನಿಯ ನಳಿಕೆಯಲ್ಲಿ ೬೦ ಹನಿಗೆ ಒಂದು ಮಿಲಿಲೀಟರ್. ಯಾವ ನಳಿಕೆಗೆ ಯಾವ ಲೆಕ್ಕ ಎಂಬುದನ್ನು ಅದರ ಹೊದಿಕೆಯ ಮೇಲೆ ಅಚ್ಚು ಹಾಕಿರುತ್ತಾರೆ. ೫೦೦ ಮಿಲಿಲೀಟರಿನ ಒಂದು ಬಾಟಲಿಯಲ್ಲಿ, ಹಾಗಾದರೆ, ೧೦,೦೦೦ ಹನಿ. ಅದು ನಾಲ್ಕು ತಾಸಿನಲ್ಲಿ, ಎಂದರೆ ೨೪೦ ನಿಮಿಷಗಳಲ್ಲಿ, ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು ೪೨ ಹನಿ. ಪ್ರಾಥಮಿಕ ಶಾಲೆಯ ಭಾಗಾಕಾರ. ಇಷ್ಟು ಸುಲಭವಾದ ಲೆಕ್ಕ ತಪ್ಪುವುದೆಲ್ಲಿ?

ತಪ್ಪುವುದು ದ್ರವದ ಸ್ವಭಾವದಲ್ಲಿ. ಇಂಗ್ಲಿಷಿನಲ್ಲಿ ‘ವಿಸ್ಕಾಸಿಟಿ’ ಎನ್ನುವ ಗುಣಕ್ಕೆ ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ‘ಸ್ನಿಗ್ಧತೆ’ ಎಂಬ ಪದವನ್ನು ಬಳಸುತ್ತವೆ. ಆ ಪದವನ್ನು ಮೊದಲು ಕಂಡಾಗ ಕನ್ನಡ ಮೇಷ್ಟ್ರಾದ ನನಗೆ ಅಚ್ಚರಿಯಾಯಿತು. ಕಾವ್ಯದಲ್ಲಿ ಸ್ನಿಗ್ಧ ಎಂದರೆ ನುಣುಪಾದದ್ದು, ಪ್ರೀತಿಯುಳ್ಳದ್ದು. ಸ್ನೇಹ ಎಂಬ ಮಾತಿಗೆ ಗೆಳೆತನ ಎಂಬ ಅರ್ಥದ ಜೊತೆಗೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಆಯುರ್ವೇದವು ದ್ರವ್ಯಗಳಿಗೆ ಹೇಳುವ ಇಪ್ಪತ್ತು ಗುಣಗಳಲ್ಲಿ ಸ್ನಿಗ್ಧ ಒಂದು, ಅದಕ್ಕೆದುರು ರೂಕ್ಷ. ‘ವಿಸ್ಕಾಸಿಟಿ’ಯ ಮೂಲ ಬೇರೆ. ಲ್ಯಾಟಿನಿನಲ್ಲಿ ‘ವಿಸ್ಕುಂ’ ಎಂದರೆ ನಮ್ಮ ಬಂದಣಿಕೆಯ ಜಾತಿಯ ಒಂದು ಗಿಡ. ಅದರ ಹಣ್ಣಿನ ಅಂಟನ್ನು ಕೊಂಬೆಗೆ ಸವರಿ ಹಕ್ಕಿ ಹಿಡಿಯುತ್ತಿದ್ದರು. ಅವರು ಅಂಟಿನಿಂದ ಹೆಸರಿಟ್ಟರು, ನಾವು ಎಣ್ಣೆಯಿಂದ ಹೆಸರಿಟ್ಟೆವು. ಎರಡೂ ಸೂಚಿಸುವುದು ಒಂದನ್ನೇ: ದ್ರವದ ಒಂದು ಪದರ ಇನ್ನೊಂದು ಪದರವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದ್ರವದ ಭಾಗಗಳ ನಡುವೆ ಜಾರುವಿಕೆಯ ಕೊರತೆಯಿಂದ ಉಂಟಾಗುವ ಈ ತಡೆಯನ್ನು ನ್ಯೂಟನ್ ೧೬೮೭ರ ತನ್ನ ಮಹಾಗ್ರಂಥದಲ್ಲಿ ಚರ್ಚಿಸಿದ್ದಾನೆ.

ಇದನ್ನು ಭಾರದೊಡನೆ ಬೆರೆಸಬಾರದು. ಶೇಂಗಾ ಎಣ್ಣೆ ನೀರಿಗಿಂತ ಹಗುರ, ನೀರಿನ ಮೇಲೆ ತೇಲುತ್ತದೆ. ಆದರೂ ಸುರಿಯುವಾಗ ನೀರಿಗಿಂತ ಬಹಳ ಮಂದ. ಪಾದರಸ ನೀರಿನ ಹದಿಮೂರು ಪಟ್ಟಿಗೂ ಮಿಕ್ಕಿ ಭಾರ. ಅದರ ಸ್ನಿಗ್ಧತೆ ಮಾತ್ರ ನೀರಿನ ಒಂದೂವರೆ ಪಟ್ಟಿನಷ್ಟೇ. ಈ ಮಂದತೆಯನ್ನು ಅಳೆಯುವ ವಿದ್ಯೆ ನಮ್ಮ ಹೆಂಗಸರಿಗೆ ಹೊಸದಲ್ಲ. ಉಂಡೆ ಕಟ್ಟಲು ಬೆಲ್ಲದ ಪಾಕ ಮಾಡುವಾಗ ಬೆರಳುಗಳ ನಡುವೆ ಹಿಡಿದು ಎಳೆದು, ಒಂದೆಳೆ ಬಂದಿತೋ ಎರಡೆಳೆ ಬಂದಿತೋ ನೋಡುತ್ತಾರಲ್ಲ, ಅದು ಅಡಿಗೆಮನೆಯ ಸ್ನಿಗ್ಧತಾಮಾಪನ. ಒಲೆಯ ಮೇಲೆ ಸಲೀಸಾಗಿ ಹರಿಯುವ ಅದೇ ಪಾಕ ಕೆಳಗಿಳಿಸಿ ಆರಿದೊಡನೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನೂ ಅವರು ಬಲ್ಲರು. ಶಾಖ ಹೆಚ್ಚಿದಂತೆ ಮಂದತೆ ಇಳಿಯುತ್ತದೆ.

ಸಣ್ಣ ಕೊಳವೆಯಲ್ಲಿ ದ್ರವ ಹರಿಯುವ ನಿಯಮವನ್ನು ಅಂಕಿಗಳಲ್ಲಿ ಹಿಡಿದವನು ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ. ಶರೀರದಲ್ಲಿ ರಕ್ತ ಹರಿಯುವ ಬಗೆಯನ್ನು ತಿಳಿಯಬೇಕೆಂಬುದು ಅವನ ಆಸೆ. ಕೂದಲಿನಂಥ ಗಾಜಿನ ನಳಿಕೆಗಳಲ್ಲಿ ನೀರನ್ನು ಹರಿಸಿ, ತಾಳ್ಮೆಯಿಂದ ಅಳೆದು, ೧೮೪೦ರ ದಶಕದಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದ. ಅದೇ ಕಾಲಕ್ಕೆ ಜರ್ಮನಿಯ ಹಾಗನ್ ಎಂಬ ಎಂಜಿನಿಯರನೂ ಬೇರೆಯಾಗಿ ಇದೇ ನಿಯಮವನ್ನು ಕಂಡಿದ್ದ. ಅದರ ಸಾರ ಇಷ್ಟು: ಒತ್ತಡ ಎರಡು ಪಟ್ಟಾದರೆ ಹರಿವು ಎರಡು ಪಟ್ಟು, ಕೊಳವೆಯ ಉದ್ದ ಎರಡು ಪಟ್ಟಾದರೆ ಹರಿವು ಅರ್ಧ, ಸ್ನಿಗ್ಧತೆ ಎರಡು ಪಟ್ಟಾದರೂ ಹರಿವು ಅರ್ಧ. ಕೊಳವೆಯ ಬಾಯಿ ಅರ್ಧವಾದರೋ, ಹರಿವು ಹದಿನಾರರಲ್ಲಿ ಒಂದು ಪಾಲು! ಗಾಲಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಹನಿಯ ವೇಗ ಅಷ್ಟೊಂದು ಬದಲಾಗುವುದರ ಗುಟ್ಟು ಇದು. ಸ್ನಿಗ್ಧತೆಯ ಒಂದು ಮಾನಕ್ಕೆ ‘ಪಾಯ್ಸ್’ ಎಂದು ಅವನ ಹೆಸರನ್ನೇ ಇಟ್ಟಿದ್ದಾರೆ. ೨೦ ಡಿಗ್ರಿಯ ನೀರಿನ ಸ್ನಿಗ್ಧತೆ ಅದರ ನೂರರಲ್ಲಿ ಒಂದು ಪಾಲು.

ಈಗ ನಮ್ಮ ಬಾಟಲಿಗಳಿಗೆ ಬರೋಣ. ಸಾದಾ ಸಲೈನ್ ಹೆಚ್ಚುಕಡಿಮೆ ನೀರಿನಂತೆಯೇ ಹರಿಯುತ್ತದೆ. ನೂರಕ್ಕೆ ಐದರ ಗ್ಲೂಕೋಸ್ ಅದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಮಂದ. ನೂರಕ್ಕೆ ಇಪ್ಪತ್ತೈದರ ಗ್ಲೂಕೋಸ್ ಸುಮಾರು ಎರಡು ಪಟ್ಟು ಮಂದ. ಐವತ್ತರದು ಹಲವು ಪಟ್ಟು. ಮಿದುಳಿನ ಬಾವು ಇಳಿಸಲು ಕೊಡುವ ಮ್ಯಾನಿಟಾಲ್ ನೀರಿಗಿಂತ ಮಂದ ಮಾತ್ರವಲ್ಲ, ತಂಪು ಹೆಚ್ಚಾದರೆ ಬಾಟಲಿಯಲ್ಲೇ ಹರಳುಗಟ್ಟುತ್ತದೆ. ಬೆಚ್ಚಗೆ ಮಾಡಿ ಕರಗಿಸಿಕೊಳ್ಳಬೇಕು. ಆರೋಗ್ಯವಂತರ ರಕ್ತ ಮೈಶಾಖದಲ್ಲಿ ನೀರಿಗಿಂತ ಮೂರು ನಾಲ್ಕು ಪಟ್ಟು ಮಂದ. ರಕ್ತನಿಧಿಯ ತಂಪಿನಿಂದ ತಂದ, ನೀರಿನಂಶ ತೆಗೆದು ಕೆಂಪು ಕಣಗಳನ್ನೇ ಉಳಿಸಿದ ಚೀಲವಾದರೆ ಇನ್ನೂ ಮಂದ. ಇದರ ಮೇಲೆ ರಕ್ತಕ್ಕೆ ಒಂದು ವಿಚಿತ್ರ ಗುಣವುಂಟು: ನಿಧಾನವಾಗಿ ಹರಿದಷ್ಟೂ ಅದು ಹೆಚ್ಚು ಮಂದವಾಗುತ್ತದೆ. ಆದ್ದರಿಂದಲೇ ರಕ್ತ ಕೊಡುವಾಗ ಸಾಧ್ಯವಾದಷ್ಟು ಅಗಲವಾದ ಕೊಳವೆಯನ್ನು ಹಾಕಲು ನೋಡುತ್ತಾರೆ. ಹಸಿರು ಬಣ್ಣದ ತುದಿಯುಳ್ಳದ್ದು ನೀಲಿಯದಕ್ಕಿಂತ ಅಗಲ. ಆ ಬಣ್ಣಗಳು ಅಲಂಕಾರಕ್ಕಾಗಿ ಇರುವುವಲ್ಲ.

ನನ್ನ ತಪ್ಪು ಈಗ ನಿಮಗೆ ಸ್ಪಷ್ಟವಾಗಿರಬಹುದು. ಮಂದವಾದ ರಕ್ತದಲ್ಲಿ ಮೂವತ್ತು ಹನಿ ಬೀಳಲೆಂದು ನಾನು ಬಾಗಿಲನ್ನು ಅಗಲಿಸುತ್ತ ಹೋದೆ. ಬಾಗಿಲು ಅಷ್ಟೇ ಅಗಲ ತೆರೆದಿರುವಾಗ ಮೂರು ನಾಲ್ಕು ಪಟ್ಟು ತೆಳುವಾದ ಸಲೈನ್ ಬಂದರೆ ಅದು ಮೂರು ನಾಲ್ಕು ಪಟ್ಟು ಬೇಗ ಹರಿಯದೆ ಏನು ಮಾಡೀತು? ನಾನು ಹೊಂದಿಸಿದ್ದು ಗಾಲಿಯನ್ನೇ ಹೊರತು ವೇಗವನ್ನಲ್ಲ. ಗಾಲಿ ಹೊಂದಿಸಿದರೆ ವೇಗ ಹೊಂದಿಸಿದಂತೆಯೇ ಎಂದು ಭಾವಿಸಿದ್ದು ನನ್ನ ಅಜ್ಞಾನ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ದ್ರವ ಮಂದವಾಗಿರುವುದು ತಾನಾಗಿಯೇ ಅಪಾಯವಲ್ಲ. ಮಂದವಾದ ದ್ರವವನ್ನೂ ಎಣಿಸಿ, ಗಾಲಿಯನ್ನು ತಕ್ಕಂತೆ ತೆರೆದು, ಬೇಕಾದ ವೇಗಕ್ಕೆ ತರಬಹುದು. ಅಪಾಯವಿರುವುದು ಮಂದತೆ ಬದಲಾದಾಗ, ಬದಲಾದುದನ್ನು ನಾವು ಗಮನಿಸದೆ ಹಿಂದಿನ ಲೆಕ್ಕವನ್ನೇ ನಂಬಿ ಕುಳಿತಾಗ. ಬಾಟಲಿ ಬದಲಾದಾಗ ಮಂದತೆ ಬದಲಾಗುತ್ತದೆ. ಇದು ಕಣ್ಣಿಗೆ ಕಾಣುವ ಬದಲಾವಣೆ. ಕಣ್ಣಿಗೆ ಕಾಣದ ಇನ್ನೊಂದುಂಟು, ಅದು ಶಾಖದ್ದು. ೨೦ ಡಿಗ್ರಿಯ ನೀರಿನ ಸ್ನಿಗ್ಧತೆಯನ್ನು ಒಂದು ಎಂದು ಇಟ್ಟುಕೊಂಡರೆ, ೪೦ ಡಿಗ್ರಿಯಲ್ಲಿ ಅದು ಸುಮಾರು ೦.೬೫ಕ್ಕೆ ಇಳಿಯುತ್ತದೆ. ಪ್ವಾಸೆಯನ ನಿಯಮವನ್ನೇ ಹಿಡಿದು ಹೇಳುವುದಾದರೆ ಅದೇ ಗಾಲಿಯಲ್ಲಿ ಹರಿವು ಒಂದೂವರೆ ಪಟ್ಟು. ತಂಪಾದ ಕಪಾಟಿನಿಂದ ತೆಗೆದು ತೂಗುಹಾಕಿದ ಬಾಟಲಿ ನಮ್ಮ ಸೀಮೆಯ ಮೇ ತಿಂಗಳ ಮಧ್ಯಾಹ್ನದಲ್ಲಿ ಕಾಯುತ್ತ ಬಂದಂತೆ, ಯಾರೂ ಮುಟ್ಟದೆಯೇ ಅದರ ವೇಗ ಏರಬಹುದು. ತೊಟ್ಟಿಕ್ಕುವ ನೀರಿನಿಂದ ಹೊತ್ತು ಅಳೆಯುತ್ತಿದ್ದ ಪ್ರಾಚೀನರ ಜಲಘಟಿಕೆಗಳಿಗೂ ಇದೇ ದೋಷವಿತ್ತು. ಚಳಿಯಲ್ಲಿ ನೀರು ಮಂದವಾಗಿ ಅವುಗಳ ಹೊತ್ತು ಹಿಂದೆ ಬೀಳುತ್ತಿತ್ತು.

ಹನಿಯ ಗಾತ್ರವೂ ಸ್ಥಿರವಾದದ್ದಲ್ಲ. ೨೦ ಹನಿಗೆ ಒಂದು ಮಿಲಿಲೀಟರ್ ಎಂಬ ಅಳತೆಯನ್ನು ನಿಗದಿ ಮಾಡಿರುವುದು ಶುದ್ಧ ನೀರಿಗೆ. ಅಂತಾರಾಷ್ಟ್ರೀಯ ಮಾನಕವೇ ಅದರಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಎಂದರೆ ೫೦೦ ಮಿಲಿಲೀಟರಿನಲ್ಲಿ ೫೦ರ ಸಂದೇಹ ಆರಂಭದಲ್ಲಿಯೇ ಇದೆ. ಹನಿಯು ಎಷ್ಟು ದಪ್ಪವಾಗಿ ಬೆಳೆದು ಕಳಚಿಕೊಳ್ಳಬೇಕು ಎಂಬುದನ್ನು ನಿರ್ಧರಿಸುವುವು ಮುಖ್ಯವಾಗಿ ಬಾಯಿಯ ಅಗಲ, ದ್ರವದ ಸಾಂದ್ರತೆ ಮತ್ತು ಅದರ ಮೇಲ್ಮೈ ಕರ್ಷಣ. ನೀರಿನ ಹನಿಯನ್ನು ದುಂಡಗೆ ಹಿಡಿದಿಡುವ ಶಕ್ತಿ ಅದು. ಸ್ಪಿರಿಟ್ಟಿನ ಹನಿ ನೀರಿನ ಹನಿಗಿಂತ ಬಹಳ ಚಿಕ್ಕದಾಗಿರುವುದು ಆ ಶಕ್ತಿ ಅದರಲ್ಲಿ ಕಡಿಮೆಯಾದ್ದರಿಂದ. ಹನಿ ಬೇಗ ಬೇಗ ಬೀಳುವಾಗ ಪ್ರತಿಯೊಂದು ಹನಿಯೂ ತುಸು ದಪ್ಪವಾಗುತ್ತದೆ. ಹೀಗಾಗಿ ಎಣಿಕೆ ಸರಿಯಿದ್ದರೂ ಅಳತೆ ತುಸು ಆಚೀಚೆ ಆಗಬಹುದು. ಆದುದರಿಂದಲೇ ಅನುಭವಿ ದಾದಿಯರು ಹನಿ ಎಣಿಸುವುದರ ಜೊತೆಗೆ ಬಾಟಲಿಯ ಮೇಲಿನ ಗೆರೆಯನ್ನೂ ನೋಡುತ್ತಾರೆ.

ಈ ವಿಷಯಗಳನ್ನು ನನಗೆ ತಿಳಿಯಹೇಳಿದವರು ನನ್ನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮಿತ್ರರು. ಪುಸ್ತಕದ ಮಾತು ಸಾಲದು, ಕೈಯಾರೆ ನೋಡಿ ಎಂದು ಔಷಧಿ ಅಂಗಡಿಯಿಂದ ಒಂದು ಹೊಸ ನಳಿಕೆಯನ್ನು ತರಿಸಿ ನಮ್ಮ ಪಡಸಾಲೆಯ ಮೊಳೆಗೆ ತೂಗುಹಾಕಿದರು. ನೀರು ತುಂಬಿ ನಿಮಿಷಕ್ಕೆ ನಲವತ್ತು ಹನಿಗೆ ಗಾಲಿಯನ್ನು ನಿಲ್ಲಿಸಿದೆವು. ಆಮೇಲೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಸಕ್ಕರೆ ಕರಗಿಸಿ, ಗಾಲಿಯನ್ನು ಮುಟ್ಟದೆ, ಅದನ್ನು ಹರಿಸಿದೆವು. ಎಣಿಕೆ ಇಪ್ಪತ್ತರ ಆಚೀಚೆಗೆ ಇಳಿಯಿತು. ಪಾನಕಕ್ಕಿಂತ ಹೆಚ್ಚೇನೂ ಗಟ್ಟಿಯಲ್ಲದ ಸಿಹಿನೀರು! ಮತ್ತೆ ಸಾದಾ ನೀರು ಹಾಕಿದಾಗ ಹನಿಗಳು ಓಡತೊಡಗಿದವು. ನನಗೆ ಆ ರಾತ್ರಿಯ ವಾರ್ಡು ಕಣ್ಣಿಗೆ ಕಟ್ಟಿತು. ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ರಕ್ತನಾಳದ ಮೂಲಕ ಉಪ್ಪುನೀರು ಕೊಡುವ ಈ ಚಿಕಿತ್ಸೆಯ ಹುಟ್ಟಿನ ಕಥೆಯನ್ನು ಓದಿದಾಗಲೂ ನನಗೆ ಅಕ್ಕನೇ ನೆನಪಾದಳು. ೧೮೩೧–೩೨ರಲ್ಲಿ ಬ್ರಿಟನ್ನಿಗೆ ಕಾಲರಾ ವ್ಯಾಧಿ ಬಂದಾಗ, ಮುಂದೆ ಕಲ್ಕತ್ತೆಗೆ ಬಂದು ನಮ್ಮ ದೇಶಕ್ಕೆ ತಂತಿಯ ಸಂಪರ್ಕ ತಂದವರಲ್ಲಿ ಒಬ್ಬನಾದ ಓಶಾನೆಸಿ ಎಂಬ ತರುಣ ವೈದ್ಯ, ರೋಗಿಗಳ ರಕ್ತವನ್ನು ಪರೀಕ್ಷಿಸಿ ಅದರಲ್ಲಿ ನೀರೂ ಲವಣಗಳೂ ಕಡಿಮೆಯಾಗಿವೆ ಎಂದು ತೋರಿಸಿದ. ಕಾಲರಾದಲ್ಲಿ ರಕ್ತ ಮಂದವಾಗುತ್ತದೆ; ಸ್ನಿಗ್ಧತೆಯ ಸಮಸ್ಯೆ ಅಲ್ಲಿಯೂ ಇತ್ತೆನ್ನಬೇಕು. ಸ್ಕಾಟ್ಲೆಂಡಿನ ಲೀತ್ ಎಂಬ ಬಂದರಿನ ಥಾಮಸ್ ಲಾಟಾ ಎಂಬ ವೈದ್ಯ ೧೮೩೨ರಲ್ಲಿ ಆ ನೀರು, ಲವಣಗಳನ್ನು ನೇರವಾಗಿ ರಕ್ತನಾಳಕ್ಕೆ ತುಂಬಲು ಧೈರ್ಯ ಮಾಡಿದ. ಅವನ ಮೊದಲ ರೋಗಿ ಒಬ್ಬ ವೃದ್ಧೆ, ಸಾವಿನ ಅಂಚಿನಲ್ಲಿದ್ದವಳು. ಅರ್ಧ ಗಂಟೆಯಲ್ಲಿ ಆರು ಪೈಂಟ್ ಹೋದಮೇಲೆ ಅವಳ ಕಣ್ಣಿಗೆ ಕಳೆ ಬಂದಿತು, ನಾಡಿ ಮರಳಿತು. ಅವಳು ಬದುಕಿದಳೆಂದು ನಂಬಿ, ಆಸ್ಪತ್ರೆಯ ಇನ್ನೊಬ್ಬ ವೈದ್ಯನಿಗೆ ಒಪ್ಪಿಸಿ ಲಾಟಾ ಹೋದ. ವಾಂತಿಭೇದಿ ಮರುಕಳಿಸಿತು, ಮತ್ತೆ ನೀರು ತುಂಬಲಿಲ್ಲ, ಕೆಲವೇ ಗಂಟೆಗಳಲ್ಲಿ ಅವಳು ತೀರಿಕೊಂಡಳು. ಇದನ್ನೆಲ್ಲ ಲಾಟಾ ತಾನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಅಲ್ಲಿ ಕಡಿಮೆಯಾಯಿತು, ನಮ್ಮಲ್ಲಿ ಹೆಚ್ಚಾಯಿತು. ಎರಡು ಕಡೆಯೂ ಕೊರತೆಯಾದದ್ದು ಮಂಚದ ಬಳಿ ನಿಂತು ನೋಡುವ ಒಂದು ಜೊತೆ ಕಣ್ಣು.

ಯಂತ್ರಗಳು ಬಂದಿವೆಯಲ್ಲ ಎಂದು ನೀವು ಕೇಳಬಹುದು. ಬಂದಿವೆ. ಸಿರಿಂಜನ್ನು ಒಂದೇ ಸಮನೆ ದೂಡುವ ಅಥವಾ ನಳಿಕೆಯನ್ನು ಹಿಂಡಿ ಹಿಂಡಿ ನೂಕುವ ವಿದ್ಯುತ್ ಪಂಪುಗಳು ಹನಿಯನ್ನು ನೆಚ್ಚುವುದಿಲ್ಲ. ಇಷ್ಟು ಹೊತ್ತಿಗೆ ಇಷ್ಟು ಗಾತ್ರ ಎಂದು ನೂಕುತ್ತವೆ. ದ್ರವ ಮಂದವಾಗಿದ್ದರೆ ಒತ್ತಡವನ್ನು ಹೆಚ್ಚಿಸಿಕೊಳ್ಳುತ್ತವೆ; ಒತ್ತಡ ಮಿತಿಮೀರಿದರೆ ಗಂಟೆ ಬಾರಿಸಿ ಕರೆಯುತ್ತವೆ. ಮಕ್ಕಳ ಶುಶ್ರೂಷೆಯಲ್ಲಿ, ತೀವ್ರ ನಿಗಾ ಘಟಕಗಳಲ್ಲಿ ಅವು ನಿಜವಾದ ವರಗಳು. ಇನ್ನೊಂದು ಬಗೆಯ, ವಿದ್ಯುತ್ತು ಬೇಡದ ಪಂಪುಗಳೂ ಉಂಟು. ರಬ್ಬರಿನ ಬಲೂನಿನಂಥ ಚೀಲ ತಾನೇ ಕುಗ್ಗುತ್ತ ಸೂಕ್ಷ್ಮವಾದ ನಾಳದ ಮೂಲಕ ಔಷಧವನ್ನು ಹೊರಡಿಸುತ್ತದೆ. ಕ್ಯಾನ್ಸರಿನ ರೋಗಿಗಳು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಯಲ್ಲಿಯೇ ಚಿಕಿತ್ಸೆ ಪಡೆ�ಯಬಹುದು. ಆದರೆ ಅಲ್ಲಿ ಸ್ನಿಗ್ಧತೆ ಮತ್ತೆ ತಲೆಯೆತ್ತುತ್ತದೆ. ಔಷಧವನ್ನು ಸಲೈನಿನಲ್ಲಿ ಬೆರೆಸಿದರೆ ಒಂದು ವೇಗ, ಗ್ಲೂಕೋಸಿನಲ್ಲಿ ಬೆರೆಸಿದರೆ ಸುಮಾರು ನೂರಕ್ಕೆ ಹತ್ತು ಕಡಿಮೆ. ಆ ನಾಳವನ್ನು ಮೈಗೆ ತಾಗಿಸಿ ಕಟ್ಟಿಕೊಳ್ಳಿ ಎನ್ನುವುದು ಮೈಶಾಖದಲ್ಲಿ ಅದರ ವೇಗ ಸ್ಥಿರವಾಗಿರಲೆಂದು.

ನಮ್ಮ ಸಣ್ಣ ಊರುಗಳಲ್ಲಿ ಇಂದಿಗೂ ಹೆಚ್ಚಿನ ಮಂಚಗಳ ಬಳಿ ಇರುವುದು ಗಾಲಿ ಮತ್ತು ಕೈಗಡಿಯಾರ. ಅದರಲ್ಲಿ ನಾಚಿಕೆಪಡಬೇಕಾದ್ದೇನೂ ಇಲ್ಲ. ಸರಿಯಾಗಿ ಎಣಿಸಿದರೆ ಅದು ಒಳ್ಳೆಯ ಸಾಧನವೇ. ಆದರೆ ಒಮ್ಮೆ ಎಣಿಸಿದರೆ ಸಾಲದು. ಗಾಲಿಯ ಅದುಮಿಗೆ ಪ್ಲಾಸ್ಟಿಕ್ ನಳಿಕೆ ಮೆಲ್ಲನೆ ರೂಪ ಬದಲಿಸುತ್ತದೆ, ಬಾಟಲಿಯಲ್ಲಿ ದ್ರವದ ಮಟ್ಟ ಇಳಿಯುತ್ತದೆ, ರೋಗಿ ಕೈ ಮಡಚುತ್ತಾನೆ, ಹೊರಳುತ್ತಾನೆ, ಎದ್ದು ಕೂರುತ್ತಾನೆ, ಕೋಣೆಯ ಶಾಖ ಏರಿಳಿಯುತ್ತದೆ, ಬಾಟಲಿ ಬದಲಾಗುತ್ತದೆ. ಒಂದೊಂದೂ ವೇಗವನ್ನು ಬದಲಿಸಬಲ್ಲದು. ಹನಿಯ ಎಣಿಕೆ ಎಣಿಸಿದ ಆ ನಿಮಿಷಕ್ಕೆ ಮಾತ್ರ ಸತ್ಯ.

ರೋಗಿಯ ಬಳಿ ಕೂರುವ ನನ್ನಂಥವರಿಗೆ ನಾಲ್ಕು ಮಾತು. ಗಾಲಿಯನ್ನು ನೀವಾಗಿ ಮುಟ್ಟಬೇಡಿ. ಹನಿ ನಿಧಾನವಾಯಿತೆಂದೋ ಬೇಗವಾಯಿತೆಂದೋ ಕಂಡರೆ ಕರೆಯಿರಿ, ಸಂಕೋಚಪಡಬೇಡಿ. ಬಾಟಲಿ ಬದಲಿಸಿದ ಮೇಲೆ ಹನಿ ಎಣಿಸಿದರೋ ಇಲ್ಲವೋ ನೋಡಿ, ಎಣಿಸದೆ ಇದ್ದರೆ ವಿನಯದಿಂದ ನೆನಪಿಸಿ. ಕೆಮ್ಮು, ಏದುಸಿರು, ಎದೆಯ ಬಿಗಿತ, ಚಳಿ ನಡುಕ ಇವುಗಳಲ್ಲಿ ಯಾವುದು ಕಂಡರೂ ಬಾಟಲಿ ಮುಗಿಯಲೆಂದು ಕಾಯಬೇಡಿ. ಇನ್ನು ಆಸ್ಪತ್ರೆಗಳನ್ನು ನಡೆಸುವವರಿಗೆ ಒಂದೇ ಮಾತು: ಇಡೀ ವಾರ್ಡಿಗೆ ರಾತ್ರಿ ಒಬ್ಬಳೇ ದಾದಿ ಎಂದರೆ, ಎಣಿಸುವವರಿಲ್ಲದ ಹನಿಗಳು ಎಷ್ಟೆಂದು ನೀವೇ ಲೆಕ್ಕ ಹಾಕಿ.

ಅಕ್ಕ ಆಮೇಲೆ ಆರು ವರ್ಷ ಬದುಕಿದಳು. ನಾನು ಮಾಡಿದ್ದನ್ನು ಅವಳಿಗೆ ಹೇಳದೆ ಇರಲಾಗಲಿಲ್ಲ. ಊರಿಗೆ ಹೋದಾಗ ಒಂದು ಸಂಜೆ, ಕಟ್ಟೆಯ ಮೇಲೆ ಕುಳಿತು, ರಕ್ತ, ಸಲೈನ್, ಗಾಲಿ ಎಲ್ಲವನ್ನೂ ವಿವರಿಸಿದೆ. ಅವಳು ಕೇಳಿ, “ನೀ ಮುಟ್ಟಿದ್ದು ತಪ್ಪಲ್ಲ ಬಿಡೋ, ಮುಟ್ಟಿ ಮಲಗಿದ್ದು ತಪ್ಪು” ಎಂದಳು. ಪ್ವಾಸೆಯನ ನಿಯಮ ಅವಳಿಗೆ ತಿಳಿಯದು. ಆದರೆ ಒಲೆಯ ಮೇಲೆ ಪಾಕ ಇಟ್ಟು ಎದ್ದು ಹೋಗಬಾರದೆಂಬುದು ಅವಳಿಗೆ ಚೆನ್ನಾಗಿ ತಿಳಿದಿತ್ತು.

ಸ್ನೇಹ ಎಂದರೆ ಎಣ್ಣೆಯೂ ಹೌದು, ಅಕ್ಕರೆಯೂ ಹೌದು ಎಂದೆನಲ್ಲ. ದ್ರವದ ಸ್ನಿಗ್ಧತೆ ಹರಿವನ್ನು ತಡೆಯುತ್ತದೆ. ಅದು ಎಷ್ಟು ತಡೆಯುತ್ತದೆಂದು ಮತ್ತೆ ಮತ್ತೆ ಎಣಿಸಿ ನೋಡುವುದಕ್ಕೆ ಬೇಕಾದದ್ದು ಇನ್ನೊಂದು ಸ್ನೇಹ. ಗುಡಿಯಲ್ಲಿ ಅಯ್ಯನವರು ಹಾಲು ಬದಲಿಸಿ ನೀರು ತುಂಬಿದ ಮೇಲೆ, ದರ್ಭೆಯನ್ನು ಬಿಗಿದು, ಕೈಕಟ್ಟಿ ಒಂದಿಷ್ಟು ಹೊತ್ತು ಹನಿಗಳನ್ನೇ ನೋಡುತ್ತ ನಿಲ್ಲುತ್ತಿದ್ದರು. ಅದು ಧ್ಯಾನವೆಂದು ನಾನು ತಿಳಿದಿದ್ದೆ. ಅವರು ಹನಿ ಎಣಿಸುತ್ತಿದ್ದರು.